ಫೈರ್ ಸ್ಟೇಷನ್ ಯಾತ್ರಿಕನ ಅಕ್ಕ

ವಿದೇಶಕ್ಕೆ ಹೋದವರು ಅರಮನೆ ನೋಡುತ್ತಾರೆ, ಸಮುದ್ರ ನೋಡುತ್ತಾರೆ, ಏನೂ ಇಲ್ಲದಿದ್ದರೆ ಅಂಗಡಿಗಳನ್ನಾದರೂ ನೋಡಿ ಚಾಕಲೇಟು ತರುತ್ತಾರೆ. ಹೆಗ್ಗದ್ದೆಯ ಕಾಫಿ ಬೆಳೆಗಾರ ಪ್ರತಾಪ ನೋಡುತ್ತಿದ್ದುದು ಫೈರ್ ಸ್ಟೇಷನ್. ಇದನ್ನು ಅವನ ಅಕ್ಕ ಗಂಗಾಮಣಿ ಮೊದಲ ಸಲ ಕೇಳಿದಾಗ ತಮಾಷೆ ಅಂದುಕೊಂಡಳು. ಎರಡನೆಯ ಸಲ ಕೇಳಿದಾಗ ತಲೆ ಕೆಟ್ಟಿದೆ ಅಂದುಕೊಂಡಳು. ಮೂರನೆಯ ಸಲದ ಹೊತ್ತಿಗೆ ಊರಿನವರೆಲ್ಲ ಅದನ್ನೇ ಅಂದುಕೊಳ್ಳುತ್ತಿದ್ದುದರಿಂದ ಅವಳು ಪ್ರತ್ಯೇಕವಾಗಿ ಅಂದುಕೊಳ್ಳುವ ಅಗತ್ಯ ಉಳಿಯಲಿಲ್ಲ.

ಹುಚ್ಚು ಹತ್ತಿದ್ದು ಲಂಡನ್ನಿನಲ್ಲಿ. ಬೆಳೆಗಾರರ ಒಂದು ತಂಡದ ಜೊತೆ ಪ್ರವಾಸ ಹೋದವನು ದಾರಿ ತಪ್ಪಿ ಯಾವುದೋ ಫೈರ್ ಸ್ಟೇಷನ್ನಿನ ಮುಂದೆ ಬೆಪ್ಪನಂತೆ ನಿಂತಿದ್ದನಂತೆ. ಅಲ್ಲಿನವರು ಪಾಪ ಅಂತ ಒಳಗೆ ಕರೆದು, ಚಹಾ ಕೊಟ್ಟು, ಕೆಂಪು ಗಾಡಿ ಹತ್ತಿಸಿ, ತಲೆಗೊಂದು ಹೆಲ್ಮೆಟ್ ಇಟ್ಟು ಫೋಟೋ ತೆಗೆದರಂತೆ. ಅಷ್ಟೇ. ಮೈಮೇಲೆ ದೇವರು ಬಂದವರು ಕೂಡ ಸ್ವಲ್ಪ ಹೊತ್ತಿಗೆ ನೀರು ಕುಡಿದು ಸುಧಾರಿಸಿಕೊಳ್ಳುತ್ತಾರೆ. ಪ್ರತಾಪ ಸುಧಾರಿಸಿಕೊಳ್ಳಲೇ ಇಲ್ಲ. ಮಾರನೆಯ ವರ್ಷ ವಿಯೆನ್ನಾದ ಅಗ್ನಿಶಾಮಕ ಮ್ಯೂಸಿಯಂ ಆಯಿತು. ಅದರ ಮರುವರ್ಷ ಟೋಕಿಯೋ. ಹೆಂಡತಿ ವಾಣಿಯನ್ನೂ ಎಳೆದುಕೊಂಡು ಹೋಗುತ್ತಿದ್ದ. ಆ ಪುಣ್ಯಾತ್ಗಿತ್ತಿ ಎಲ್ಲ ಫೋಟೋಗಳಲ್ಲೂ ಯಾವುದಾದರೊಂದು ಹಳೇ ಕೈಪಂಪಿನ ಪಕ್ಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಊಟ ಯಾವಾಗ ಎಂಬ ಮುಖದಲ್ಲಿ ನಿಂತಿರುತ್ತಿದ್ದಳು.

ತಂದದ್ದೇನು ಕಡಿಮೆಯೇ? ನಡುಮನೆಯಲ್ಲಿ ಅಪ್ಪನ ಫೋಟೋ ಇದ್ದ ಗೋಡೆಯ ತುಂಬ ಈಗ ಹೆಲ್ಮೆಟ್ಟುಗಳು, ಹಿತ್ತಾಳೆ ನಳಿಕೆಗಳು, ಬಿಲ್ಲೆಗಳು. ಅಪ್ಪನನ್ನು ಅಡುಗೆಮನೆಯ ಬಾಗಿಲ ಮೇಲಕ್ಕೆ ವರ್ಗ ಮಾಡಲಾಗಿತ್ತು. ಒಂದು ಸಲ, ಅಲ್ಲಿನ ಸ್ಟೇಷನ್ನುಗಳಲ್ಲಿ ಗಂಟೆ ಹೊಡೆದ ಕೂಡಲೇ ಮೇಲಿನ ಅಂತಸ್ತಿನಿಂದ ಕಂಬ ಹಿಡಿದು ಜಾರಿ ಇಳಿಯುತ್ತಾರೆ ಅಂತ ಹೇಳಿ, ಕಾಫಿ ಸ್ಟೋರಿನ ಅಟ್ಟದಿಂದ ಕೆಳಕ್ಕೆ ಒಂದು ಸ್ಟೀಲ್ ಕಂಬ ಹಾಕಿಸಿದ. ಉದ್ಘಾಟನೆಯನ್ನು ತಾನೇ ಮಾಡಿ, ಬಾಲದ ಮೂಳೆಗೆ ಪೆಟ್ಟು ಮಾಡಿಕೊಂಡು, ತಿಂಗಳುಗಟ್ಟಲೆ ದಿಂಬಿನ ಮೇಲೆ ಕೂತು ಊಟ ಮಾಡಿದ. ಗಂಗಾಮಣಿ ಆ ದಿಂಬಿಗೆ ಕೆಂಪು ಬಟ್ಟೆಯ ಕವರ್ ಹೊಲಿಸಿಕೊಟ್ಟಳು.

"ಇಷ್ಟೆಲ್ಲ ದೇಶ ಸುತ್ತಿದೀಯಲ್ಲೋ," ಅಂತ ಅವಳು ಒಮ್ಮೆ ಕೇಳಿದ್ದಳು, "ನಮ್ಮ ಸಕಲೇಶಪುರದ ಫೈರ್ ಸ್ಟೇಷನ್ ಯಾವ ಬೀದೀಲೈತೆ ಹೇಳು ನೋಡಾನ?"

ಪ್ರತಾಪ ಹಲ್ಲು ಕಿರಿದ. ಬೈಗುಳಕ್ಕೆ ನಗುವವನ ಜೊತೆ ಬಾಳುವುದು ಎಷ್ಟು ಕಷ್ಟವೆಂದು ಬಾಳಿದವರಿಗೇ ಗೊತ್ತು.

ಗಂಗಾಮಣಿ ಆಲೂರಿನ ಕಡೆ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ತೀರಿಕೊಂಡ ಮೇಲೆ ಎಸ್ಟೇಟು ನಿಂತದ್ದು ಅವಳ ಮೇಲೆ. ಹಣ್ಣು ಕುಯ್ಯಿಸುವುದು, ಕಣದಲ್ಲಿ ಒಣಗಿಸುವುದು, ಸ್ಪ್ರಿಂಕ್ಲರ್ ಪೈಪು ಎಲ್ಲಿಂದೆಲ್ಲಿಗೆ ಎಳೆಯಬೇಕು ಎಂದು ತೋಟದ ಲೆಕ್ಕಪತ್ರ ನೋಡುವ ರೈಟರ್ ಸಿದ್ದುವಿಗೆ ಹೇಳುವುದು, ಎಲ್ಲವೂ ಅವಳದೇ. ತಮ್ಮನ ಪಾಲಿಗೆ ಉಳಿದದ್ದು ಸಹಿ ಹಾಕುವುದು ಮತ್ತು ಪಾಸ್‌ಪೋರ್ಟ್ ನವೀಕರಿಸುವುದು. ಇದು ಅವಳಿಗೆ ಕಷ್ಟವೆನಿಸಿರಲಿಲ್ಲ, ನಿಜ ಹೇಳಬೇಕೆಂದರೆ ಇಷ್ಟವೇ ಆಗಿತ್ತು. ಕಷ್ಟವೆನಿಸಿದ್ದು ಊರಿನಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಹೇಳದೆ ಇದ್ದದ್ದು. ಎಸ್ಟೇಟಿನ ಹೆಸರು ಎತ್ತಿದರೆ ಇಂದಿಗೂ ಜನ "ಪ್ರತಾಪಣ್ಣನ ತೋಟ" ಅನ್ನುತ್ತಿದ್ದರು.

ಪ್ರತಾಪ ಮಾಡುತ್ತಿದ್ದ ಒಂದೇ ಒಂದು ಕೆಲಸವೆಂದರೆ ಗೆರೆಗೆ ಕಡ್ಡಿ ಗೀರುವುದು. ಹೆಗ್ಗದ್ದೆಯ ಮೇಲಿನ ತೋಟಗಳಿಗೂ ಬೋಳುಗುಡ್ಡಕ್ಕೂ ನಡುವೆ ಒಂದು ಗೆರೆಯಿದೆ. ಗೆರೆಯೆಂದರೆ ಜೀಪು ಓಡಾಡುವಷ್ಟು ಅಗಲದ ಪಟ್ಟಿ. ಚಳಿ ಕಳೆದು ಗುಡ್ಡದ ಹುಲ್ಲು ಹಳದಿಯಾಗುತ್ತಿದ್ದಂತೆ ಆ ಪಟ್ಟಿಯ ಹುಲ್ಲು ಕಡಿದು, ಒಣಗಲು ಬಿಟ್ಟು, ಊರವರೆಲ್ಲ ಸೇರಿ ಒಂದು ಬೆಳಿಗ್ಗೆ ಇಬ್ಬನಿ ಆರುವ ಮೊದಲು ಸುಟ್ಟು ಕಪ್ಪು ಮಾಡಿಬಿಡುತ್ತಾರೆ. ಬೇಸಿಗೆಯಲ್ಲಿ ಯಾರ ಬೀಡಿಯಿಂದಲೋ ಯಾರ ಕಿತಾಪತಿಯಿಂದಲೋ ಗುಡ್ಡಕ್ಕೆ ಬೆಂಕಿ ಬಿದ್ದರೆ, ಅದು ಇಳಿದು ಬಂದು ಆ ಕಪ್ಪು ಪಟ್ಟಿಯಲ್ಲಿ ತಿನ್ನಲು ಏನೂ ಸಿಗದೆ ಸಾಯುತ್ತದೆ.

ಪ್ರತಿ ಮನೆಗೂ ಅದರಲ್ಲಿ ಒಂದೊಂದು ಪಾಲು. ಹುಲ್ಲು ಕಡಿಯುವುದಕ್ಕೆ ಆಳು ಕಳಿಸಬಹುದು. ಕಡ್ಡಿ ಗೀರುವುದಕ್ಕೆ ಮಾತ್ರ ಮನೆಯವರೇ ಬರಬೇಕು. ಗಂಡಸಾದರೂ ಸರಿ, ಹೆಂಗಸಾದರೂ ಸರಿ. ರೈಟರ್ ಬಂದರೆ ಆಗದು, ನೆಂಟರು ಬಂದರೆ ಆಗದು. ಬೆಂಕಿ ಹಾರಿ ಇನ್ನೊಬ್ಬರ ತೋಟಕ್ಕೆ ಬಿದ್ದರೆ ಯಾರನ್ನು ಕೇಳಬೇಕೆಂದು ಊರಿಗೆ ಗೊತ್ತಿರಬೇಕಲ್ಲ. ಒಬ್ಬರ ಗೆರೆಯನ್ನು ಇನ್ನೊಬ್ಬರು ಸುಟ್ಟರೆ ಆ ಮನೆಯಲ್ಲಿ ಜನವೇ ಉಳಿದಿಲ್ಲ ಎಂದರ್ಥ. ಹಾಗೆ ಊರೇ ಸುಡುವ ಪಾಲು ಒಂದೇ ಒಂದಿದೆ, ಗೋಡೆ ಕುಸಿದು ಒಳಗೆ ಲಂಟಾನ ಬೆಳೆದಿರುವ ಒಂದು ಹಾಳು ಮನೆಯದು.

ಪ್ರತಾಪನ ಮನೆಯ ಪಾಲು ಇರುವುದು ಮೂಲೆಯ ಎತ್ತರದಲ್ಲಿ, ಗಾಳಿ ಹೆಚ್ಚು ಬೀಸುವ ಕಡೆ. ಅದರ ಕೆಳಗೆ ಅರ್ಧದಷ್ಟು ಅವರದೇ ತೋಟ. ಇನ್ನರ್ಧದ ಕೆಳಗೆ ಸುಲೋಚನಮ್ಮನ ತುಂಡು ತೋಟ. ಸುಲೋಚನಮ್ಮನ ಮಾವನಿಗೆ ಆ ತುಂಡನ್ನು ಕೊಟ್ಟಾಗ ಗಂಗಾಮಣಿಯ ಅಪ್ಪ, "ಗೆರೆ ನಮ್ಮದೇ ಇರಲಿ, ನಿಮ್ಮ ತಲೆ ಮೇಲಿನ ಬೆಂಕಿ ನಾವು ನೋಡ್ಕೋತೀವಿ," ಎಂದಿದ್ದನಂತೆ. ಸುಲೋಚನಮ್ಮನ ಗಂಡ ವೀರಭದ್ರಯ್ಯ ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡು ಅಲ್ಲೇ ಇರುತ್ತಿದ್ದ. ತೋಟ ಪೂರ್ತಿ ಅವಳ ಕೈಯಲ್ಲಿ. ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳನ್ನು ಅವಳು ಸಾಕಿದ ಬಗೆ ನೋಡಿ ದೊಡ್ಡ ಎಸ್ಟೇಟಿನವರೂ ಕಣ್ಣು ಹಾಕುತ್ತಿದ್ದರು.

ಹೋದ ವರ್ಷ ಗೆರೆ ಸುಡುವ ದಿನ ಪ್ರತಾಪ ವಿಯೆನ್ನಾದ ಹೆಲ್ಮೆಟ್ ಹಾಕಿಕೊಂಡು ಬಂದಿದ್ದ. ಕಡ್ಡಿ ಗೀರುವ ಮೊದಲು ಒಂದು ಭಾಷಣ ಬೇರೆ. ಟೋಕಿಯೋದಲ್ಲಿ ಹಿಂದಿನ ಕಾಲದವರು ಬೆಂಕಿ ಬರುವ ದಾರಿಯಲ್ಲಿನ ಮನೆಗಳನ್ನೇ ಕೆಡವಿ ಅದನ್ನು ತಡೆಯುತ್ತಿದ್ದರು, ಎಂಥ ವಿಜ್ಞಾನ ನೋಡಿ, ಅಂತ ಕೈ ಬೀಸಿ ಬೀಸಿ ಹೇಳಿದ. ಇಬ್ಬನಿ ಆರುತ್ತಿತ್ತು, ಜನ ಆಕಳಿಸುತ್ತಿದ್ದರು.

"ಅದನ್ನೇ ಕಣೋ ನಾವು ಗೆರೆ ಸುಡೋದು ಅನ್ನೋದು," ಎಂದಳು ಗಂಗಾಮಣಿ. "ಇದ್ ತಿಳ್ಕಳಕ್ಕೆ ಟೋಕಿಯೋಗ್ ಹೋಗ್ಬೇಕಿತ್ತಾ? ಗೀರು ಮೊದ್ಲು."

ಎಲ್ಲರೂ ನಕ್ಕರು. ಆ ನಗು ಅವಳ ಕಿವಿಯಲ್ಲಿ ಬಹಳ ದಿನ ಇತ್ತು. ಊರು ತನ್ನ ಕಡೆ ಇದೆ ಎಂದು ಅವಳಿಗೆ ಅನಿಸಿದ್ದು ಅವತ್ತೇ.

ಈ ವರ್ಷ ಅವನು ಹೊರಟದ್ದು ಎಡಿನ್‌ಬರೋಗೆ. ಊರಿಗೇ ಅಂತ ಒಂದು ಫೈರ್ ಬ್ರಿಗೇಡ್ ಕಟ್ಟಿ ಹೆಸರಾದ ಊರಂತೆ ಅದು, ಕಟ್ಟಿದವನ ಪ್ರತಿಮೆಯೂ ಇದೆಯಂತೆ. ಹಾದಿಯಲ್ಲಿ ಲಂಡನ್ನಿನ ಹಳೇ ದೊಡ್ಡ ಬೆಂಕಿಯ ನೆನಪಿಗೆ ನಿಲ್ಲಿಸಿದ ಕಂಬವನ್ನು ಮತ್ತೊಮ್ಮೆ ಹತ್ತಿ ಬರುವುದಂತೆ. ಹೊರಡುವ ಮುನ್ನ ಊಟಕ್ಕೆ ಕೂತಾಗ ಅವನಿಗೆ ಎಲ್ಲಿಲ್ಲದ ಹುರುಪು.

"ಅಕ್ಕ, ಲಂಡನ್ನಲ್ಲಿ ಮೊದ್ಲು ಇನ್ಶೂರೆನ್ಸ್ ಕಂಪನಿಯೋರೇ ಬೆಂಕಿ ಆರಿಸೋರ್ನ ಇಟ್ಕಂಡಿದ್ರು. ಹಣ ಕಟ್ದೋರ ಮನೆ ಗೋಡೆಗೆ ಒಂದು ತಗಡಿನ ಬಿಲ್ಲೆ ಹೊಡೀತಿದ್ರು. ಬಿಲ್ಲೆ ಇಲ್ದಿರೋ ಮನೆ ಉರೀತಿದ್ರೆ ಸುಮ್ನೆ ನೋಡ್ಕಂಡ್ ನಿಂತ್ಕಳೋರಂತೆ. ನಿಜಾನೋ ಕತೇನೋ, ಹಂಗಂತ ಹೇಳ್ತಾರೆ."

"ಥೂ," ಎಂದಳು ಗಂಗಾಮಣಿ, ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ. "ಎಂಥ ಜನವೋ ಅವು. ಪಕ್ಕದ ಮನೆ ಉರೀತಿದ್ರೆ ತಗಡು ಹುಡುಕ್ತಾರಾ? ಅಂಥೋರ್ನ ನೋಡಕ್ಕೆ ನೀನು ವಿಮಾನ ಹತ್ಬೇಕಾ?"

ಪ್ರತಾಪ ಮಾಮೂಲಿನಂತೆ ನಕ್ಕ. ಗೆರೆ ಸುಡುವ ಹೊತ್ತಿಗೆ ಬಂದುಬಿಡುತ್ತೇನೆ ಎಂದ. ಸಾಮಾನ್ಯವಾಗಿ ದಿನ ಗೊತ್ತುಮಾಡುವ ಹಿರಿಯ ಸುಬ್ಬಯ್ಯ, ಶಿವರಾತ್ರಿ ಕಳೆಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಪ್ರತಾಪನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಗುಡ್ಡಕ್ಕೆ ಆ ಲೆಕ್ಕ ಗೊತ್ತಿರಲಿಲ್ಲ, ಅಷ್ಟೇ.

ಅವನು ಹೋದ ಬೆನ್ನಿಗೆ ಬಿಸಿಲು ಏರಿತು. ಬೆಳಗಿನ ಇಬ್ಬನಿ ದಿನದಿನಕ್ಕೆ ತೆಳ್ಳಗಾಯಿತು. ಸುಬ್ಬಯ್ಯ ಗುಡ್ಡದ ಹುಲ್ಲನ್ನು ಮುರಿದು ನೋಡಿ, ಈ ಸಲ ಶಿವರಾತ್ರಿಗೆ ಕಾದರೆ ಕೆಟ್ಟೆವು ಎಂದು ಊರ ವಾಟ್ಸಾಪ್ ಗ್ರೂಪಿನಲ್ಲಿ ದಿನ ಹಾಕಿಬಿಟ್ಟ. ಎಲ್ಲರೂ ಆಳು ಕಳಿಸಿ ಹುಲ್ಲು ಕಡಿಸಿದರು. ಸಿದ್ದುವೂ ಕಡಿಸಿದ. ಕಡಿದ ಹುಲ್ಲು ಗೆರೆಯುದ್ದಕ್ಕೂ ಹಾಸಿಗೆ ಹಾಸಿದಂತೆ ಬಿದ್ದು ಒಣಗಿತು.

ಸುಡುವ ಬೆಳಿಗ್ಗೆ ಗಂಗಾಮಣಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಒಂದೊಂದು ಮನೆಯವರೂ ತಮ್ಮ ತಮ್ಮ ಪಾಲಿಗೆ ಕಡ್ಡಿ ಗೀರಿದರು. ಹಸಿ ಸೊಪ್ಪಿನ ಕೊಂಬೆ ಹಿಡಿದವರು ಎರಡೂ ಅಂಚಿನಲ್ಲಿ ನಡೆಯುತ್ತ, ಅತ್ತಿತ್ತ ಹರಿದ ಬೆಂಕಿಯನ್ನು ಬಡಿದು ಕೂರಿಸಿದರು. ಹಾಳು ಮನೆಯ ಪಾಲನ್ನು ಊರ ಪರವಾಗಿ ಸುಬ್ಬಯ್ಯನೇ ಸುಟ್ಟ. ಕಪ್ಪು ಪಟ್ಟಿ ಬೆಳೆಯುತ್ತ ಬೆಳೆಯುತ್ತ ಗಂಗಾಮಣಿಯ ಕಾಲ ಬುಡಕ್ಕೆ ಬಂದು ನಿಂತಿತು.

"ಗಂಗಮ್ಮ, ಗಾಳಿ ಏಳಕ್ ಮುಂಚೆ ನಿಮ್ಮನೇದೂ ಒಂದ್ ಮುಗಿಸ್ಬುಡು," ಎಂದ ಸುಬ್ಬಯ್ಯ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮನೇಲಿ ಬೆಂಕಿ ಪಂಡಿತರು ಅವ್ರೆ ಸುಬ್ಬಯ್ಯಣ್ಣ. ಸೀಮೆ ಸುತ್ಕಂಡ್ ಬಂದು ಅವ್ರೇ ಗೀರ್ತಾರೆ. ನಾವೇನ್ ಕಂಡಿದೀವಿ, ಹಳ್ಳಿ ಗುಗ್ಗುಗಳು."

ಜನ ನಕ್ಕರು. ಅವಳು ಕಾದಿದ್ದ ನಗು ಬಂತು. ಸುಬ್ಬಯ್ಯ ಮಾತ್ರ ನಗಲಿಲ್ಲ.

"ತಮಾಷೆ ಆಮೇಲ್ ಮಾಡಾನ. ಕಡ್ದಿರೋ ಹುಲ್ಲು ಹಂಗೇ ಬಿದ್ದೈತೆ. ಕಡೀದೇ ಇದ್ದಿದ್ರೂ ವಾಸಿಯಿತ್ತು."

"ಅವ್ನು ಬರ್ಲಿ ಬುಡಿ ಸುಬ್ಬಯ್ಯಣ್ಣ. ಬಂದು ನಿಮ್ಮೆಲ್ಲರ ಮುಂದೆ ನಿಂತು ಗೀರ್ಲಿ. ಅವ್ನು ಬುಟ್ಟೋದ ಕೆಲ್ಸನೆಲ್ಲ ಎಷ್ಟಂತ ನಾನೇ ಮಾಡ್ಲಿ?"

ಕೇಳುವುದಕ್ಕೆ ನ್ಯಾಯದ ಮಾತೇ. ಆದರೆ ವರ್ಷವಿಡೀ ಅವನು ಬಿಟ್ಟುಹೋದ ನೂರೆಂಟು ಕೆಲಸಗಳನ್ನು ತುಟಿಪಿಟಕ್ಕೆನ್ನದೆ ಮಾಡಿದವಳು, ಒಂದು ಕಡ್ಡಿ ಗೀರುವ ಕೆಲಸಕ್ಕೆ ನ್ಯಾಯ ಹುಡುಕಿದ್ದು ಯಾಕೆ? ಅದೊಂದೇ ಊರವರೆಲ್ಲ ಸೇರಿ ನೋಡುವ ಕೆಲಸ, ಅದಕ್ಕೆ. ಸುಡದೆ ಉಳಿದ ಪಟ್ಟಿ ಗುಡ್ಡದ ಮೇಲೆ ನಿಂತು, ಪ್ರತಾಪ ಎಂಥ ದಂಡಪಿಂಡ ಎಂದು ಹೋಗುವವರಿಗೆ ಬರುವವರಿಗೆಲ್ಲ ಹೇಳಲಿ ಎಂಬುದೇ ಅವಳ ಆಸೆ. ಸುಬ್ಬಯ್ಯ ತಲೆ ಕೊಡವಿ ಇಳಿದು ಹೋದ. ಇನ್ನೊಬ್ಬರ ಗೆರೆಗೆ ಅವನು ಕೈ ಹಾಕುವಂತಿರಲಿಲ್ಲ.

ಅವತ್ತೇ ಸಂಜೆ ಸುಲೋಚನಮ್ಮ ಬಂದಳು. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು: "ಗಂಗಕ್ಕ, ಪ್ರತಾಪಣ್ಣ ಬರೋಗಂಟ ತಡೀಬೇಕಾ? ನಮ್ ಮೆಣಸು ಇನ್ನೂ ಕುಯ್ದಿಲ್ಲ. ಆಳು ಸಿಕ್ಕೋದೇ ಮುಂದಿನ ವಾರ. ನೀವು ಹೂಂ ಅಂದ್ರೆ ಬೆಳಿಗ್ಗೆ ನಾನೂ ಸೊಪ್ಪು ಹಿಡ್ಕಂಡು ಬತ್ತೀನಿ. ನೀವ್ ಗೀರಿ, ನಾನ್ ಬಡೀತೀನಿ."

ಗಂಗಾಮಣಿ ಹೂಂ ಎನ್ನಲಿಲ್ಲ. ಬದಲಿಗೆ ಪ್ರತಾಪನ ಕತೆ ಶುರು ಮಾಡಿದಳು. ಕಂಬದಿಂದ ಬಿದ್ದದ್ದು, ಅಪ್ಪನ ಫೋಟೋ ವರ್ಗವಾದದ್ದು, ವಿಮಾನದಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಬಂದದ್ದು. ಎಲ್ಲವನ್ನೂ ಕೈಸನ್ನೆ ಬಾಯಿಸನ್ನೆ ಸಮೇತ ಹೇಳಿ, "ನೋಡ್ತಿರು ಸುಲೋಚನಾ, ಈ ಸಲ ಊರೋರ ಮುಂದೆ ಅವ್ನ ಮುಖಕ್ಕೆ ಮಂಗಳಾರತಿ ಮಾಡಿಸ್ದೆ ಬುಡಲ್ಲ," ಎಂದು ಮುಗಿಸಿದಳು.

"ನಿಮ್ ಅಕ್ಕ ತಮ್ಮನ ಜಗಳ ನಂಗ್ಯಾಕೆ ಬುಡಿ ಗಂಗಕ್ಕ. ನಂಗೆ ಗೆರೆ ಸುಟ್ರೆ ಸಾಕು."

"ಏನೂ ಆಗಲ್ಲ ಹೋಗೇ. ನಾನಿಲ್ವಾ?"

ಸುಲೋಚನಮ್ಮ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದಿಟ್ಟು ಎದ್ದುಹೋದಳು.

ಮರುದಿನ ಪ್ರತಾಪನ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಮೊದಲು ಅವನ ಮೂಗು, ಆಮೇಲೆ ಮೋಡ, ಆಮೇಲೆ ಒಂದು ಪ್ರತಿಮೆ.

"ಅಕ್ಕಾ, ನೋಡಕ್ಕ! ಇವ್ರೇ! ಇವ್ರ ಹತ್ರ ಕಲ್ತೇ ಉಳಿದ ಊರೋರು ಫೈರ್ ಬ್ರಿಗೇಡ್ ಕಟ್ಟಿದ್ದು!"

"ಕಲ್ಲೋ ಕಂಚೋ?"

"ಕಂಚು."

"ಕಲ್ಲಾದ್ರೇನು ಕಂಚಾದ್ರೇನು. ಅವ್ನೂ ನಿನ್ ಹಂಗೇ ಸುಮ್ನೆ ನಿಂತವ್ನೆ."

ಹಿಂದೆ ಎಲ್ಲೋ ವಾಣಿ ನಕ್ಕದ್ದು ಕೇಳಿಸಿತು. ಪ್ರತಾಪನೂ ನಕ್ಕ. ಆಮೇಲೆ ಅವನ ದನಿ ಇಳಿಯಿತು. "ಅಕ್ಕ, ಗ್ರೂಪಲ್ಲಿ ನೋಡ್ದೆ. ಗೆರೆ ಸುಟ್ರಂತಲ್ಲ. ನಮ್ದೂ ಆಯ್ತಲ್ಲ?"

"ಎಲ್ರದ್ದೂ ಆಯ್ತು. ನಮ್ದು ಆಗಿಲ್ಲ."

ಅವನ ಮುಖದ ನಗು ಹೋಯಿತು. ಇಷ್ಟು ವರ್ಷದಲ್ಲಿ ಅವಳ ಯಾವ ಬೈಗುಳಕ್ಕೂ ಹೋಗದ ನಗು ಅದು. "ಯಾಕಕ್ಕ? ಹುಲ್ಲು ಕಡ್ಸಾಗೈತೆ ಅಂತ ಸಿದ್ದು ಮೆಸೇಜ್ ಹಾಕಿದ್ನಲ್ಲ! ಕಡ್ದಿದ್ದು ಹಂಗೇ ಬುಡಬಾರ್ದು ಕಣಕ್ಕ. ನಾಳೆ ಬೆಳಿಗ್ಗೆ ನೀನೇ ಗೀರ್ಬುಡು. ನಿನ್ ಕಾಲಿಗ್ ಬೀಳ್ತೀನಿ."

"ನೀನೇ ಬಂದು ಗೀರು."

"ನಾನು ಬರೋದು ಇನ್ನೂ ಮುಂದಿನ ವಾರ..."

"ಅಲ್ಲೀಗಂಟ ಹುಲ್ಲು ಅಲ್ಲೇ ಇರ್ತದೆ. ನಿನ್ ಹಂಗೆ ದೇಶ ಸುತ್ತಕ್ಕೆ ಹೋಗಲ್ಲ," ಎಂದು ಫೋನ್ ಇಟ್ಟಳು.

ಆಡಿದ ಮಾತಿನ ರುಚಿ ಅವತ್ತೆಲ್ಲ ನಾಲಗೆಯ ಮೇಲಿತ್ತು. ಅಡುಗೆಯವಳಿಗೂ ಹೇಳಿದಳು, ಸಿದ್ದುವಿಗೂ ಹೇಳಿದಳು. ಆದರೂ ಮಲಗಿದಾಗ ಸುಲೋಚನಮ್ಮ ತೊಳೆದಿಟ್ಟ ಲೋಟ ಕಣ್ಣೆದುರು ಬಂತು. ಬೆಳಿಗ್ಗೆ ಬೇಗ ಎದ್ದಳು. ಹುಲ್ಲಿನ ತುದಿಯಲ್ಲಿ ತೆಳ್ಳಗೆ ಇಬ್ಬನಿಯಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ಕಡ್ಡಿಪೆಟ್ಟಿಗೆ ತೆಗೆದುಕೊಂಡು, ಯಾರಿಗೂ ಹೇಳದೆ, ತೋಟದ ನಡುವಿನ ಹಾದಿ ಹತ್ತತೊಡಗಿದಳು. ಸುಟ್ಟು ಬಂದು ಸುಲೋಚನಮ್ಮನ ಮನೆಗೆ ಹೋಗಿ, ಆಯ್ತು ಕಣೇ, ಇನ್ನು ನಿಶ್ಚಿಂತೆಯಾಗಿರು, ಎನ್ನುವುದೆಂದು ಯೋಚಿಸಿಕೊಂಡಳು.

ಅರ್ಧ ದಾರಿಯಲ್ಲಿ ಫೋನ್ ಸದ್ದು ಮಾಡಿತು. ಊರ ಗ್ರೂಪಿನಲ್ಲಿ ಪ್ರತಾಪನ ಫೋಟೋ. ಬಲಗೈಯಲ್ಲಿ ಯಾವುದೋ ಕಾಲದ ಚರ್ಮದ ಬಕೀಟು, ತಲೆಗೆ ಹೆಲ್ಮೆಟ್, ಮುಖದ ತುಂಬ ಹಲ್ಲು. ಕೆಳಗೆ ಕನ್ನಡದಲ್ಲಿ ಒಂದು ಸಾಲು: 'ಬೆಂಕಿಯಿಂದ ಊರನ್ನು ಕಾಯುವುದು ಎಲ್ಲರ ಹೊಣೆ.' ಅದರ ಕೆಳಗೆ ಯಾರೋ ಆಗಲೇ ಎರಡು ಕೈ ಮುಗಿದಿದ್ದರು, ಇನ್ಯಾರೋ 'ಸೂಪರ್ ಅಣ್ಣ' ಎಂದಿದ್ದರು.

ಗಂಗಾಮಣಿಗೆ ನಖಶಿಖಾಂತ ಸಿಟ್ಟು ಬಂತು. ತಾನು ಸೀರೆ ಎತ್ತಿಕಟ್ಟಿಕೊಂಡು ಏದುಸಿರು ಬಿಡುತ್ತ ಗುಡ್ಡ ಹತ್ತುವುದು, ಅವನು ಅಲ್ಲಿ ಬಕೀಟು ಹಿಡಿದು ಸೂಪರ್ ಅಣ್ಣ ಆಗುವುದು! ಸುಟ್ಟರೆ ನಾಳೆ ಬಂದು, ನಾನು ಫೋನ್ ಮಾಡಿ ಹೇಳಿದ್ದಕ್ಕೆ ಸುಟ್ಟರು ಅನ್ನುತ್ತಾನೆ. ಹೊಣೆಯಂತೆ ಹೊಣೆ! ಅವಳು ಅಲ್ಲಿಂದಲೇ ತಿರುಗಿದಳು. ಮನೆಗೆ ಬಂದು ಕಡ್ಡಿಪೆಟ್ಟಿಗೆಯನ್ನು ಒಲೆಯ ಪಕ್ಕದಲ್ಲಿಟ್ಟು, ದೋಸೆಗೆ ಹಿಟ್ಟು ಹುಯ್ದಳು.

ಬೆಂಕಿ ಬಂದದ್ದು ಅದೇ ವಾರ, ನಡುಮಧ್ಯಾಹ್ನ. ಯಾರು ಹಚ್ಚಿದರೋ, ಯಾರೂ ಹಚ್ಚಲಿಲ್ಲವೋ, ಬೋಳುಗುಡ್ಡಕ್ಕೆ ಅದನ್ನೆಲ್ಲ ಕೇಳುವವರಿಲ್ಲ. ಗಂಗಾಮಣಿ ಕಣದಲ್ಲಿ ಮೆಣಸು ಹರಡಿಸುತ್ತಿದ್ದಾಗ ಸಿದ್ದು ಓಡಿಬಂದ.

"ಅಮ್ಮಾವ್ರೆ, ಗುಡ್ಡಕ್ ಬೆಂಕಿ ಬಿದ್ದೈತೆ! ಗಾಳಿ ಈ ಕಡೀಕೇ ಬೀಸ್ತೈತೆ!"

ಕೆಲಸದವರೆಲ್ಲ ಸೊಪ್ಪು ಮುರಿದುಕೊಂಡು ಮೇಲಕ್ಕೆ ಓಡಿದರು. ಗಂಗಾಮಣಿಯೂ ಓಡಿದಳು. ಗೆರೆ ಕಾಣುವ ಎತ್ತರಕ್ಕೆ ಬಂದಾಗ ಅವಳಿಗೆ ಎಲ್ಲವೂ ಒಂದೇ ನೋಟಕ್ಕೆ ಕಂಡಿತು. ಗುಡ್ಡದುದ್ದಕ್ಕೂ ಇಳಿದು ಬರುತ್ತಿದ್ದ ಬೆಂಕಿ ಸುಬ್ಬಯ್ಯನ ಪಾಲಿನ ಕಪ್ಪಿಗೆ ಬಂದು ನಿಂತಿತು. ಹಾಳು ಮನೆಯ ಪಾಲಿನಲ್ಲೂ ನಿಂತಿತು. ಗಂಗಾಮಣಿಯ ಮನೆಯ ಪಾಲಿಗೆ ಬಂದಾಗ ಮಾತ್ರ ಅದು ನಿಲ್ಲಲಿಲ್ಲ. ಕಡಿದು ಹಾಸಿದ್ದ ಒಣಹುಲ್ಲು ಅಷ್ಟುದ್ದಕ್ಕೂ ಒಮ್ಮೆಗೇ ಹತ್ತಿಕೊಂಡು ಎದ್ದು ಕೆಳಕ್ಕೆ ಹಾರಿತು.

ಅವರದೇ ತೋಟಕ್ಕೆ ಬಿದ್ದ ಬೆಂಕಿ ದೂರ ಹೋಗಲಿಲ್ಲ. ಆ ವಾರವೆಲ್ಲ ಹೂ ಬರಿಸಲು ಸ್ಪ್ರಿಂಕ್ಲರ್ ಓಡಿಸಿದ್ದರಿಂದ ನೆಲ ಒದ್ದೆಯಾಗಿತ್ತು. ಅಂಚಿನ ಕೆಲವು ಗಿಡಗಳ ಎಲೆ ಬಾಡಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸುಲೋಚನಮ್ಮನಿಗೆ ಸ್ಪ್ರಿಂಕ್ಲರ್ ಇರಲಿಲ್ಲ. ಅವಳ ತೋಟದಲ್ಲಿ ಮೊಣಕಾಲುದ್ದ ತರಗೆಲೆ, ಮರಗಳಿಗೆ ಹಬ್ಬಿದ ಬಳ್ಳಿ, ಬಳ್ಳಿಯ ತುಂಬ ಕುಯ್ಯದ ಮೆಣಸು. ಬೆಂಕಿ ನೆಲದಿಂದ ಬಳ್ಳಿಗೆ ಹತ್ತಿ, ಬಳ್ಳಿಯಿಂದ ಮರದ ನೆತ್ತಿಗೆ ಹೋಯಿತು. ಸುಲೋಚನಮ್ಮ ಕೊಂಬೆಯಿಂದ ಬಡಿಯುತ್ತಲೇ ಇದ್ದಳು. ಗಂಗಾಮಣಿ ಅವಳ ಪಕ್ಕದಲ್ಲೇ ಬಡಿದಳು, ಕೈ ಬೊಬ್ಬೆ ಬರುವವರೆಗೆ ಬಡಿದಳು. ಸುಲೋಚನಮ್ಮ ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

ಸಕಲೇಶಪುರದಿಂದ ಅಗ್ನಿಶಾಮಕದವರೂ ಬಂದರು. ಗಾಡಿ ಬರುವಷ್ಟು ದೂರ ಬಂದು, ರಸ್ತೆ ಮುಗಿದಲ್ಲಿಂದ ನಡೆದು ಹತ್ತಿ, ಊರವರಂತೆಯೇ ಸೊಪ್ಪು ಹಿಡಿದು ಬಡಿದರು. ಅವರ ಮೇಲೆ ಹಿತ್ತಾಳೆಯೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದರು. ಬೆಂಕಿ ಆರಿದ ಮೇಲೆ ಅವರಲ್ಲೊಬ್ಬ ನೀರು ಕುಡಿಯುತ್ತ ಗುಡ್ಡದ ಕಡೆ ನೋಡಿ ಕೇಳಿದ: "ಅಷ್ಟುದ್ದ ಸುಟ್ಟಿದೀರಲ್ಲ, ಇದೊಂದು ತುಂಡು ಯಾಕ್ರೀ ಬಿಟ್ರಿ?"

ಗಂಗಾಮಣಿ ಅವನ ಲೋಟಕ್ಕೆ ಇನ್ನಷ್ಟು ನೀರು ಹುಯ್ದಳು. ಇವರ ಸ್ಟೇಷನ್ ಯಾವ ಬೀದಿಯಲ್ಲಿದೆ ಎಂದು ತನಗೂ ಗೊತ್ತಿಲ್ಲವೆಂಬುದು ಆಗ ಅವಳಿಗೆ ಹೊಳೆಯಿತು.

ಪ್ರತಾಪ ಸುದ್ದಿ ತಿಳಿದ ಕೂಡಲೇ ಹೊರಟವನು ವಿಮಾನ ಇಳಿದು ನೇರವಾಗಿ ಸುಲೋಚನಮ್ಮನ ತೋಟಕ್ಕೇ ಬಂದ. ವಾಣಿ ಕಾರಿನಲ್ಲೇ ನಿದ್ದೆ ಹೋಗಿದ್ದಳು. ಅವನ ಮೈಮೇಲೆ ಇನ್ನೂ ಎದೆಗೆ ಯಾವುದೋ ಫೈರ್ ಬ್ರಿಗೇಡಿನ ಲಾಂಛನವಿದ್ದ ಕೆಂಪು ಟೀ ಶರ್ಟು. ಊರವರೆಲ್ಲ ಸೇರಿ ಸುಟ್ಟ ಬಳ್ಳಿಗಳನ್ನು ಕತ್ತರಿಸಿ ಕೆಳಗೆಳೆಯುತ್ತಿದ್ದರು. ಗಂಗಾಮಣಿಯೂ ಕೈಗೆ ಬಟ್ಟೆ ಸುತ್ತಿಕೊಂಡು ಅಲ್ಲೇ ಇದ್ದಳು. ಅವನನ್ನು ನೋಡಿದ್ದೇ ಜನರ ಬಾಯಿ ಬಿಚ್ಚಿತು.

"ಬಂದ್ರಪ್ಪ ಬಂದ್ರು. ಏನ್ ಪ್ರತಾಪಣ್ಣ, ಬಕೀಟು ತರ್ಲಿಲ್ವಾ?"

"ಹೊಣೆ ಹೊಣೆ ಅಂತ ಗ್ರೂಪಲ್ಲಿ ಹಾಕಿದ್ಯಲ್ಲ, ತಗ ಮಾರಾಯ, ನೋಡು ನಿನ್ ಹೊಣೆ ಹೆಂಗ್ ಉರ್ದೋಗ್ಬುಟ್ಟೈತೆ!"

"ಇದ್ರದ್ದೂ ಒಂದ್ ಮ್ಯೂಸಿಯಂ ಮಾಡ್ಬುಡು. ನಾವೇ ಟಿಕೆಟ್ ತಗೊಂಡ್ ನೋಡ್ತೀವಿ."

ಗಂಗಾಮಣಿ ಬಯಸಿದ್ದ ಮಂಗಳಾರತಿ ಇದೇ. ಅವಳು ಮನಸ್ಸಿನಲ್ಲಿ ಹೆಣೆದಿಟ್ಟಿದ್ದ ಮಾತುಗಳಿಗಿಂತ ಚೂಪಾದ ಮಾತುಗಳು ತಾವಾಗಿಯೇ ಬರುತ್ತಿದ್ದವು. ಇಷ್ಟು ವರ್ಷ ಹಲ್ಲು ಕಿರಿದು ಜಾರಿಕೊಂಡವನು ಈ ಸಲ ನಗಲಿಲ್ಲ. ಮಾತು ಮುಗಿಯುವವರೆಗೆ ತಲೆ ತಗ್ಗಿಸಿಕೊಂಡು ನಿಂತಿದ್ದ. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಈಗ ಇವನು ಬಾಯಿ ಬಿಡುತ್ತಾನೆ, ನಾನು ಫೋನ್ ಮಾಡಿ ಕಾಲಿಗೆ ಬೀಳ್ತೀನಿ ಅಂದಿದ್ದೆ, ಅಕ್ಕನೇ ಗೀರಲಿಲ್ಲ ಎನ್ನುತ್ತಾನೆ. ಅಂದರೆ ಅಂದುಬಿಡಲಿ, ತನಗೂ ಹೇಳಲು ಸಾವಿರವಿದೆ ಎಂದು ಅವಳು ಸೊಂಟಕ್ಕೆ ಕೈ ಕೊಟ್ಟು ಕಾದಳು.

ಪ್ರತಾಪ ಅವಳ ಕಡೆ ನೋಡಲೇ ಇಲ್ಲ. "ತಪ್ಪು ನಂದೇ ಸುಲೋಚನಮ್ಮ," ಎಂದ. "ಗೆರೆ ಸುಡೋ ಹೊತ್ನಲ್ಲಿ ನಾನು ಊರಲ್ಲಿರ್ಬೇಕಿತ್ತು. ಏನ್ ಹೇಳ್ಲಿ ನಿಮ್ಗೆ." ಅಷ್ಟು ಹೇಳಿ, ಟೀ ಶರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡ. ಫೋನಿನ ಮಾತು ಎತ್ತಲಿಲ್ಲ.

ಗಂಗಾಮಣಿ ತಮ್ಮನನ್ನು ಜನ್ಮದಲ್ಲಿ ಮೊದಲ ಸಲ ದ್ವೇಷಿಸಿದ್ದು ಆಗಲೇ. ಬೆಪ್ಪ ಬೆಪ್ಪನಾಗಿಯೇ ಇರಬಾರದಿತ್ತೇ?

ಸುಲೋಚನಮ್ಮ ಕತ್ತಿಯನ್ನು ಕೆಳಗಿಟ್ಟು, ಸೆರಗಿನಲ್ಲಿ ಮಸಿ ಒರೆಸಿಕೊಂಡಳು. "ನೀವ್ ಊರಲ್ಲಿರ್ಲಿಲ್ಲ ಬುಡಿ ಪ್ರತಾಪಣ್ಣ. ಅದು ಎಲ್ರಿಗೂ ಗೊತ್ತು," ಎಂದಳು. ಆಮೇಲೆ ಗಂಗಾಮಣಿಯ ಕಡೆ ತಿರುಗಿದಳು. ಬೆಂಕಿ ಬಿದ್ದ ದಿನದಿಂದ ಅವಳು ಹೀಗೆ ತಿರುಗಿದ್ದು ಇದೇ ಮೊದಲು. "ಇದ್ದೋರು ನೀವು ಗಂಗಕ್ಕ. ನಾನ್ ಬಂದ್ ಕೇಳಿದ್ದೂ ನಿಮ್ಮನ್ನೇ."

ಮಾತಿಗೆ ಮಾತು ಪೋಣಿಸುವುದರಲ್ಲಿ ಹೆಗ್ಗದ್ದೆಯಲ್ಲಿ ಗಂಗಾಮಣಿಯನ್ನು ಮೀರಿಸಿದವರಿಲ್ಲ. ಅವಳು ಒಳಗೆಲ್ಲ ತಡಕಾಡಿದಳು. ಪ್ರತಾಪನ ಕಂಬ, ಪ್ರತಾಪನ ದಿಂಬು, ಪ್ರತಾಪನ ಬಕೀಟು. ಕೈಗೆ ಸಿಕ್ಕಿದ್ದೆಲ್ಲ ಅವನದೇ ಆಗಿತ್ತು, ತನ್ನದು ಅಂತ ಹೇಳಲು ಒಂದೂ ಸಿಗಲಿಲ್ಲ.

"ನಾನ್ ಗೀರ್ಬೋದಿತ್ತು," ಎಂದಳು ಕೊನೆಗೆ.

"ಹೂಂ. ಗೀರ್ಬೋದಿತ್ತು," ಎಂದಳು ಸುಲೋಚನಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಚೌಕಾಸಿ ಮುಗಿದ ಮೇಲೆ ಮಾತಾಡುವ ಹಾಗೆ ಮಾತಾಡಿದಳು. "ಮುಂದಿನ್ ವರ್ಷದಿಂದ ನಿಮ್ ಗೆರೆ ನಾನೇ ಸುಟ್ಕೋತೀನಿ. ನಿಮ್ಮನೆಯಿಂದ ಯಾರೂ ಬರೋದು ಬ್ಯಾಡ."

ಪ್ರತಾಪನ ಮುಖ ಬಿಳಿಚಿಕೊಂಡಿತು. ಹೀಗೆನ್ನಬಾರದು, ಆ ಮನೆಯಲ್ಲಿ ಇನ್ನೂ ಜನರಿದ್ದಾರೆ ಎಂದು ಸುಬ್ಬಯ್ಯನಾದರೂ ಹೇಳುತ್ತಾನೆಂದು ಗಂಗಾಮಣಿ ಅವನ ಮುಖ ನೋಡಿದಳು. ಸುಬ್ಬಯ್ಯ ಬಗ್ಗಿ ಇನ್ನೊಂದು ಸುಟ್ಟ ಬಳ್ಳಿಯ ಬುಡಕ್ಕೆ ಕತ್ತಿ ಹಾಕಿದ.